ಲೆಕ್ಕ ಒಪ್ಪಿಸುವಾಗ ಅಧ್ಯಕ್ಷರ ಕುರ್ಚಿ ಯಾರದು?

ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ ಪ್ರಕಾರ ಪ್ರತಿ ಸಹಕಾರ ಸಂಘವೂ ಸೆಪ್ಟೆಂಬರ್ 25ರೊಳಗೆ ತನ್ನ ವಾರ್ಷಿಕ ಸರ್ವ ಸದಸ್ಯರ ಸಭೆ ನಡೆಸಬೇಕು. ಹಾಗಾಗಿ ಆಗಸ್ಟ್ ಕೊನೆಯಿಂದಲೇ ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳ, ಪಾಂಡವಪುರದ ಚಿನಕುರಳಿ ಮತ್ತು ಮೇಲುಕೋಟೆ, ಕೆ.ಆರ್. ಪೇಟೆಯ ಕಿಕ್ಕೇರಿ ಮತ್ತು ಬೂಕನಕೆರೆ, ನಾಗಮಂಗಲದ ಬೆಳ್ಳೂರು ಮತ್ತು ಬಿಂಡಿಗನವಿಲೆ ಹೋಬಳಿಗಳ ಊರೂರಲ್ಲೂ ಶಾಮಿಯಾನ ಏಳುತ್ತವೆ. ಡೇರಿ ಸಭೆ ಒಂದು ದಿನ, ಸೊಸೈಟಿ ಸಭೆ ಇನ್ನೊಂದು ದಿನ. ಪ್ರಾರ್ಥನೆ, ಸ್ವಾಗತ, ಒಕ್ಕೂಟದಿಂದ ಬಂದವರಿಗೆ ಹಾರ, ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಬಹುಮಾನ, ಹೆಚ್ಚು ಹಾಲು ಹಾಕಿದವರಿಗೆ ಸನ್ಮಾನ ಎಲ್ಲ ಮುಗಿಯುವಷ್ಟರಲ್ಲಿ ಊಟದ ಪರಿಮಳ ಬಂದಿರುತ್ತದೆ. ಆಮೇಲೆ ಕಾರ್ಯದರ್ಶಿ ಜಮಾ-ಖರ್ಚು ಓದಲು ನಿಲ್ಲುತ್ತಾರೆ. ಹಿಂದಿನ ಸಾಲಿನಿಂದ ಒಬ್ಬ ಸದಸ್ಯ ಎದ್ದು, ಕಟ್ಟಡ ರಿಪೇರಿ ಬಾಬ್ತಿನ ಖರ್ಚಿಗೆ ವೋಚರ್ ಎಲ್ಲಿ ಎಂದು ಕೇಳುತ್ತಾನೆ. ಆ ಪ್ರಶ್ನೆಗೆ ಅವಕಾಶ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವವರು ಅಧ್ಯಕ್ಷರು. ಆ ಖರ್ಚಿಗೆ ಸಹಿ ಹಾಕಿದವರೂ ಅವರೇ. ಅಧ್ಯಕ್ಷ ಸ್ಥಾನದ ಕರ್ತವ್ಯಗಳ ಬಗ್ಗೆ ಏನೇ ಬರೆದರೂ ಈ ಗಳಿಗೆಗೆ ಉತ್ತರ ಹೇಳದಿದ್ದರೆ ಅದು ಅಪೂರ್ಣ ಎಂಬುದು ನನ್ನ ವಾದ. ನಮ್ಮ ಸಂಘಗಳ ಅಧ್ಯಕ್ಷರಲ್ಲಿ ಬಹುಪಾಲು ಜನ ಸಭೆ ನಡೆಸಲು ಬಾರದವರಲ್ಲ. ಆಡಳಿತದ ಹೊಣೆ ಹೊತ್ತವನು ಮತ್ತು ಸಭೆಯನ್ನು ನಡೆಸುವವನು ಎಂಬ ಎರಡು ಬೇರೆ ಕೆಲಸಗಳನ್ನು ಒಂದೇ ಕುರ್ಚಿಯಲ್ಲಿ ಕೂರಿಸಿರುವುದೇ ತೊಂದರೆ.

ಮೊದಲು ಸಭೆ ನಡೆಸುವ ಕೆಲಸವನ್ನೇ ನೋಡೋಣ. ಅದು ಶುರುವಾಗುವುದು ಸಭೆಯ ದಿನವಲ್ಲ, ನೋಟೀಸಿನ ದಿನ. ಕಂಪನಿಗಳಿಗೆ 2013ರ ಕಂಪನಿ ಕಾಯ್ದೆ 21 ಪೂರ್ಣ ದಿನಗಳ ನೋಟೀಸು ಕಡ್ಡಾಯ ಮಾಡಿದೆ. ನೋಟೀಸು ಕೊಟ್ಟ ದಿನವೂ ಸಭೆಯ ದಿನವೂ ಆ ಲೆಕ್ಕಕ್ಕೆ ಬರುವುದಿಲ್ಲ. ಸಹಕಾರ ಸಂಘಗಳಲ್ಲಿ ಅವಧಿ ಎಷ್ಟೆಂಬುದನ್ನು ಬೈಲಾ ನೋಡಿ ತಿಳಿಯಬೇಕು. ಹಾಲು ಹಾಕಲು ಬಂದವರಿಗೆ ಬಾಯಲ್ಲಿ ಹೇಳಿದ್ದು, ವಾಟ್ಸಾಪ್ ಗುಂಪಿಗೆ ಹಾಕಿದ್ದು, ಟಾಂಟಾಂ ಹೊಡೆಸಿದ್ದು ಎಲ್ಲವೂ ಒಳ್ಳೆಯದೇ, ಆದರೆ ಬೈಲಾ ಹೇಳಿದ ವಿಧಾನಕ್ಕೆ ಅವು ಬದಲಿಯಲ್ಲ. ನೋಟೀಸಿನ ಜೊತೆಗೆ ಅಜೆಂಡಾ ಇರಬೇಕು, ಮತ್ತು ಅದು ಅರ್ಥವಾಗುವಂತಿರಬೇಕು. ‘ಕಟ್ಟಡದ ಬಗ್ಗೆ ಚರ್ಚಿಸುವುದು’ ಎಂದು ಬರೆದರೆ ಓದಿದವನಿಗೆ ಏನೂ ತಿಳಿಯುವುದಿಲ್ಲ. ‘ಹಾಲು ಶೇಖರಣಾ ಕೊಠಡಿಯ ಛಾವಣಿ ದುರಸ್ತಿಗೆ ಕಟ್ಟಡ ನಿಧಿಯಿಂದ ಹಣ ಬಳಸಲು ಒಪ್ಪಿಗೆ ಪಡೆಯುವುದು’ ಎಂದು ಬರೆದರೆ ಬರುವ ಸದಸ್ಯ ಪ್ರಶ್ನೆಯನ್ನು ಮನೆಯಲ್ಲೇ ಯೋಚಿಸಿಕೊಂಡು ಬರುತ್ತಾನೆ.

ಅಜೆಂಡಾದ ಕೊನೆಯಲ್ಲಿ ಎಲ್ಲ ಸಂಘಗಳಲ್ಲೂ ತಪ್ಪದೆ ಕಾಣುವ ಸಾಲೊಂದಿದೆ: ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು’. ಚಿಕ್ಕಪುಟ್ಟ ಸೂಚನೆ, ಅಭಿನಂದನೆ, ಮನವಿಗಳಿಗೆಂದು ಇಟ್ಟ ಈ ಬಾಗಿಲಿನಿಂದಲೇ ದೊಡ್ಡ ವಿಷಯಗಳು ನುಸುಳುತ್ತವೆ. ಅರ್ಧ ಜನ ಊಟದ ಪಂಕ್ತಿಗೆ ಎದ್ದ ಮೇಲೆ ಸಿಬ್ಬಂದಿ ನೇಮಕ, ನಿವೇಶನ ಖರೀದಿ, ಬೈಲಾ ತಿದ್ದುಪಡಿ ಬಂದು, ಉಳಿದ ಅರ್ಧ ಜನರ ‘ಆಯ್ತು ಆಯ್ತು’ ಎಂಬುದರಲ್ಲಿ ಒಪ್ಪಿಗೆಯಾಗಿಬಿಡುತ್ತದೆ. ಮುಂದೆ ಯಾರಾದರೂ ಪ್ರಶ್ನಿಸಿದರೆ, ನೋಟೀಸಿನಲ್ಲಿ ಇಲ್ಲದ ವಿಷಯ ಎಂಬ ಒಂದೇ ಕಾರಣಕ್ಕೆ ಆ ಠರಾವು ಬಿದ್ದುಹೋಗಬಹುದು. ಹಣ, ಆಸ್ತಿ, ನೇಮಕ, ಬೈಲಾ ಈ ನಾಲ್ಕನ್ನೂ ‘ಇತರೆ’ಯಲ್ಲಿ ತರುವುದಿಲ್ಲವೆಂದು ಅಧ್ಯಕ್ಷರೇ ತಮಗೆ ತಾವು ಗೆರೆ ಹಾಕಿಕೊಳ್ಳಬೇಕು. ಅಪ್ಪಣೆ ಕೊಡುವ ಅಧಿಕಾರದಲ್ಲಿ ಅಪ್ಪಣೆ ಕೊಡದಿರುವ ಅಧಿಕಾರವೂ ಸೇರಿದೆ.

ಈ ಅಧಿಕಾರ ಎಲ್ಲಿಂದ ಬಂತು ಎಂಬುದು ಮುಂದಿನ ಪ್ರಶ್ನೆ. ಕುರ್ಚಿಯಿಂದ ಬಂತೆಂದು ಕೂತವರಿಗೆ ಅನಿಸುವುದು ಸಹಜ. ಕಾಯ್ದೆಯ ಕಣ್ಣಲ್ಲಿ ಸಹಕಾರ ಸಂಘದ ಪರಮಾಧಿಕಾರ ಇರುವುದು ಸರ್ವ ಸದಸ್ಯರ ಸಭೆಯಲ್ಲಿ. ಸಭೆ ಸುಸೂತ್ರವಾಗಿ ನಡೆಯಲೆಂದು ಅದರ ಒಂದು ಪಾಲನ್ನು ಆ ಹೊತ್ತಿಗೆ ಅಧ್ಯಕ್ಷರಿಗೆ ಎರವಲು ಕೊಟ್ಟಿರುತ್ತಾರೆ. ಸಭಾ ಕಾನೂನು ಬೆಳೆದ ಇಂಗ್ಲೆಂಡಿನ ನ್ಯಾಯಾಲಯಗಳ ತೀರ್ಪುಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. 1894ರ ನ್ಯಾಷನಲ್ ಡ್ವೆಲಿಂಗ್ಸ್ ಸೊಸೈಟಿ ಪ್ರಕರಣದಲ್ಲಿ ಕೆಲಸ ಬಾಕಿ ಇರುವಾಗಲೇ ಅಧ್ಯಕ್ಷರು ಸಭೆ ಮುಗಿಯಿತೆಂದು ಹೇಳಿ ಎದ್ದುಹೋದರು. ಉಳಿದವರು ಬೇರೊಬ್ಬರನ್ನು ಕೂರಿಸಿಕೊಂಡು ಮುಂದುವರಿಸಿದರು. ತಮಗೆ ಬೇಕಾದಾಗ ಸಭೆ ನಿಲ್ಲಿಸುವ ಹಕ್ಕು ಅಧ್ಯಕ್ಷರಿಗಿಲ್ಲ, ಸದಸ್ಯರು ಮುಂದುವರಿಸಿದ್ದು ಸರಿ ಎಂದಿತು ನ್ಯಾಯಾಲಯ. 1969ರ ಜಾನ್ ವಿರುದ್ಧ ರೀಸ್ ತೀರ್ಪು ಇನ್ನೊಂದು ಕಡೆಯಿಂದ ಗೆರೆ ಎಳೆಯಿತು: ಗಲಾಟೆಯಾದರೆ ಅಧ್ಯಕ್ಷರು ಮುಂದೂಡಬಹುದು, ಆದರೆ ಶಾಂತಿಗೆ ಎಷ್ಟು ಬೇಕೋ ಅಷ್ಟು ಹೊತ್ತು ಮಾತ್ರ. ಲಂಡನ್ ಲೈಫ್ ಎಂಬ ವಿಮಾ ಸಂಸ್ಥೆಯ ಕಥೆಯಂತೂ ನಮ್ಮ ಸಮುದಾಯ ಭವನಗಳಲ್ಲೇ ನಡೆದಂತಿದೆ. 1988ರಲ್ಲಿ ಸಭೆ ಕರೆದ ಸಿನಿಮಾ ಹಾಲ್‌ನಲ್ಲಿ ಜನ ಹಿಡಿಸಲಿಲ್ಲ, ಪಕ್ಕದ ಕೋಣೆಗಳಿಗೆ ಹಾಕಿಸಿದ್ದ ಧ್ವನಿ-ದೃಶ್ಯ ವ್ಯವಸ್ಥೆ ಕೈಕೊಟ್ಟಿತು. ಅಧ್ಯಕ್ಷರು ಸಭೆಯನ್ನು ಅದೇ ಮಧ್ಯಾಹ್ನ ಬೇರೆ ಜಾಗಕ್ಕೆ ಮುಂದೂಡಿದರು. ಉದ್ದೇಶ ಒಳ್ಳೆಯದೇ ಇತ್ತು. ಆದರೂ ಮೊದಲ ಜಾಗಕ್ಕೆ ಬಂದು ಮಧ್ಯಾಹ್ನ ಬರಲಾಗದವರ ಪಾಡೇನೆಂದು ಅವರು ಯೋಚಿಸಲಿಲ್ಲ ಎಂಬ ಕಾರಣಕ್ಕೆ ಮೇಲ್ಮನವಿ ನ್ಯಾಯಾಲಯ ಆ ಮುಂದೂಡಿಕೆಯನ್ನೇ ಅಸಿಂಧು ಎಂದಿತು. ಈ ತೀರ್ಪುಗಳು ನಮ್ಮ ಸಂಘಗಳನ್ನು ನೇರವಾಗಿ ಕಟ್ಟಿಹಾಕುವುದಿಲ್ಲ, ತತ್ವ ಮಾತ್ರ ಎಲ್ಲಿಗೂ ಒಂದೇ. ಅಧ್ಯಕ್ಷರು ಮಾಡುವ ಪ್ರತಿ ತೀರ್ಮಾನವೂ ಸದಸ್ಯರ ಮಾತು ಕೇಳಿಸುವುದಕ್ಕೆ ನೆರವಾಗಬೇಕು, ಅಡ್ಡ ಬರಬಾರದು.

ಇಷ್ಟು ಒಪ್ಪಿದರೆ ಮೊದಲಿನ ಗಳಿಗೆಗೆ ಮರಳಬಹುದು. ವೋಚರ್ ಕೇಳಿದವನ ಮಾತು ಕೇಳಿಸಬೇಕು ಎನ್ನುವ ಕರ್ತವ್ಯ ಒಂದು ಕಡೆ, ತಮ್ಮ ಆಡಳಿತವನ್ನು ಸಮರ್ಥಿಸಿಕೊಳ್ಳಬೇಕು ಎನ್ನುವ ಸಹಜ ಆಸೆ ಇನ್ನೊಂದು ಕಡೆ. ಎಷ್ಟೇ ಪ್ರಾಮಾಣಿಕರಾದರೂ ಕಬಡ್ಡಿಯಲ್ಲಿ ರೈಡಿಗೂ ತಾವೇ ಹೋಗಿ ಶಿಳ್ಳೆಯನ್ನೂ ತಾವೇ ಊದಿದರೆ ನೋಡುವವರು ನಂಬುವುದಿಲ್ಲ. ನಮ್ಮ ಸಂವಿಧಾನ ಬರೆದವರಿಗೆ ಇದು ಗೊತ್ತಿತ್ತು. ವಿಧಾನಸಭೆಯ ಸ್ಪೀಕರ್ ಅವರನ್ನು ಪದಚ್ಯುತಗೊಳಿಸುವ ನಿರ್ಣಯ ಚರ್ಚೆಯಲ್ಲಿರುವಾಗ ಅವರು ಸದನದಲ್ಲಿ ಹಾಜರಿದ್ದರೂ ಅಧ್ಯಕ್ಷತೆ ವಹಿಸುವಂತಿಲ್ಲ ಎನ್ನುತ್ತದೆ 181ನೇ ವಿಧಿ. ಅದೇ ವಿಧಿ ಅವರಿಗೆ ಮಾತಾಡುವ ಹಕ್ಕನ್ನೂ ಎಲ್ಲರಂತೆ ಮತ ಹಾಕುವ ಹಕ್ಕನ್ನೂ ಕೊಡುತ್ತದೆ, ಸಮ ಸಮ ಬಂದಾಗಿನ ನಿರ್ಣಾಯಕ ಮತವನ್ನು ಮಾತ್ರ ಕೊಡುವುದಿಲ್ಲ. ಕುರ್ಚಿಯಿಂದ ಇಳಿದವರ ಬಾಯಿಗೆ ಬೀಗ ಬೀಳುವುದಿಲ್ಲ, ಬದಲಿಗೆ ಬಾಯಿ ಬಿಚ್ಚಿ ವಾದಿಸುವ ಸ್ವಾತಂತ್ರ್ಯ ಸಿಗುತ್ತದೆ. ಕೆ.ಆರ್. ಪೇಟೆಯಿಂದ ಹೋದ ಕೃಷ್ಣ ಅವರು ವಿಧಾನಸಭೆಯ ಸ್ಪೀಕರ್ ಆಗಿದ್ದವರು. ಆ ಪೀಠ ಪಕ್ಷದಿಂದ ದೂರ ನಿಲ್ಲಬೇಕೆಂಬ ಮಾತು ಈ ಭಾಗದ ಜನರಿಗೆ ಹೊಸದಲ್ಲ. ಅದನ್ನು ಡೇರಿಯ ಪೀಠಕ್ಕೆ ಅನ್ವಯಿಸಿ ನೋಡಿಲ್ಲ, ಅಷ್ಟೆ.

ವ್ಯಾಪಾರ ಲೋಕವೂ ಇದೇ ದಾರಿಗೆ ಬಂದಿದೆ. ಕಂಪನಿ ಕಾರ್ಯದರ್ಶಿಗಳ ಸಂಸ್ಥೆ ರೂಪಿಸಿ 2015ರ ಜುಲೈ 1ರಿಂದ ಜಾರಿಗೆ ಬಂದ ಸಭಾ ಮಾನದಂಡಗಳ ಪ್ರಕಾರ, ಸಾರ್ವಜನಿಕ ಕಂಪನಿಯ ಅಧ್ಯಕ್ಷರು ತಮ್ಮ ಹಿತಾಸಕ್ತಿ ಇರುವ ಠರಾವನ್ನು ಮಂಡಿಸುವಂತಿಲ್ಲ, ಆ ವಿಷಯದ ಕಲಾಪವನ್ನೂ ನಡೆಸುವಂತಿಲ್ಲ. ನಿರ್ದೇಶಕರ ಮಂಡಳಿಯಲ್ಲೂ ಅಂಥ ವಿಷಯ ಬಂದಾಗ ಹಿತಾಸಕ್ತಿ ಇಲ್ಲದ ಇನ್ನೊಬ್ಬ ನಿರ್ದೇಶಕರಿಗೆ ಕಲಾಪ ಒಪ್ಪಿಸಬೇಕು. ಅಲ್ಲಿ ‘ಹಿತಾಸಕ್ತಿ’ ಎಂದರೆ ಮುಖ್ಯವಾಗಿ ಸ್ವಂತ ವ್ಯವಹಾರದ ನಂಟು ನಿಜ. ತಮ್ಮದೇ ಆಡಳಿತದ ಲೆಕ್ಕವನ್ನು ಆ ನಿಯಮ ಹೆಸರಿಸಿ ಹೇಳಿಲ್ಲ. ಆದರೆ ನಿಯಮದ ಹಿಂದಿನ ಕಾರಣ ಎರಡಕ್ಕೂ ಒಂದೇ. ನಮ್ಮ ಅಭ್ಯಾಸ ಇದಕ್ಕೆ ವಿರುದ್ಧವಾಗಿ ಬೆಳೆದದ್ದು ಯಾಕೆಂಬುದಕ್ಕೆ ಮೈಸೂರು ಸಂಸ್ಥಾನದ ಇತಿಹಾಸದಲ್ಲಿ ಒಂದು ಸುಳಿವು ಇರಬಹುದು. 1881ರಲ್ಲಿ ದಿವಾನ್ ಸಿ. ರಂಗಾಚಾರ್ಲು ಆರಂಭಿಸಿದ ಪ್ರಜಾಪ್ರತಿನಿಧಿ ಸಭೆಯಲ್ಲಿ ವರ್ಷದ ಆಡಳಿತದ ವರದಿ ಓದುತ್ತಿದ್ದವರು ದಿವಾನರು, ಅಧ್ಯಕ್ಷತೆಯೂ ದಿವಾನರದೇ. 1923ರ ಕಾಯ್ದೆ ಸಭೆಗೆ ಶಾಸನದ ಬಲ ಕೊಟ್ಟ ಮೇಲೂ ಆ ಪೀಠ ದಿವಾನರ ಬಳಿಯೇ ಉಳಿಯಿತು. ಅಹವಾಲು ಹೇಳುವವರು ಕೆಳಗೆ, ಉತ್ತರ ಹೇಳುವ ಸರ್ಕಾರ ಮೇಲೆ ಎಂಬ ಈ ಜೋಡಣೆಯಲ್ಲೇ ನಮ್ಮ ಸೀಮೆಯ ಸಭಾ ಸಂಪ್ರದಾಯ ಮೊದಲ ಪಾಠ ಕಲಿಯಿತು. ದೇಶದಲ್ಲೇ ಮೊದಲನೆಯದೆನ್ನಬಹುದಾದ ಆ ಪ್ರಯೋಗದ ಹಿರಿಮೆಯನ್ನು ಇದರಿಂದ ಕಡಿಮೆ ಮಾಡಬೇಕಿಲ್ಲ. ಆದರೆ ಅದು ದೊರೆಯ ಕಾಲದ ಸಭೆ, ಮಾಲೀಕತ್ವ ಪ್ರಜೆಗಳದಾಗಿರಲಿಲ್ಲ. ಹಾಲು ಹಾಕುವವನೇ ಮಾಲೀಕನಾದ ಸಂಘಕ್ಕೆ ಆ ಜೋಡಣೆ ಹೊಂದುವುದಿಲ್ಲ.

ಆದ್ದರಿಂದ ನನ್ನ ಸಲಹೆ ಸಣ್ಣದು: ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಮತ್ತು ಆಡಿಟ್ ವರದಿಯ ವಿಷಯ ಬಂದಾಗ ಅಧ್ಯಕ್ಷರು ಪೀಠ ಬಿಟ್ಟು ಪಕ್ಕದಲ್ಲಿ ಕೂರಲಿ, ಉಪಾಧ್ಯಕ್ಷರೋ ಸಭೆ ಒಪ್ಪಿದ ಹಿರಿಯ ಸದಸ್ಯರೋ ಅಷ್ಟು ಹೊತ್ತು ಕಲಾಪ ನಡೆಸಲಿ. ಅಧ್ಯಕ್ಷರು ನಿಂತು ಉತ್ತರ ಕೊಡಲಿ. ಉಪಾಧ್ಯಕ್ಷ ಎಂಬ ಹುದ್ದೆಗೆ ಫ್ಲೆಕ್ಸ್‌ನಲ್ಲಿ ಫೋಟೊ ಹಾಕಿಸಿಕೊಳ್ಳುವುದಕ್ಕಿಂತ ಹೆಚ್ಚಿನ ಕೆಲಸವೂ ಸಿಕ್ಕಂತಾಗುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಮರ್ಯಾದೆಯದು. ಊರಿನಲ್ಲಿ ಎರಡು ಬಣ ಇದ್ದೇ ಇರುತ್ತವೆ. ಕುರ್ಚಿ ಬಿಟ್ಟರೆ ತಪ್ಪು ಒಪ್ಪಿಕೊಂಡಂತೆ ಎಂದು ಎದುರು ಬಣ ಕೂಗುತ್ತದೆ ಎನ್ನುತ್ತಾರೆ. ಆಪಾದನೆ ಬಂದ ಮೇಲೆ ಇಳಿದರೆ ಹಾಗನಿಸುವುದು ನಿಜ. ಅದಕ್ಕೇ ಇದು ಯಾರೋ ಕೇಳಿದಾಗ ಮಾಡುವ ಕೆಲಸವಾಗಬಾರದು, ಪ್ರತಿ ವರ್ಷವೂ ಯಾರೇ ಅಧ್ಯಕ್ಷರಿದ್ದರೂ ಅಜೆಂಡಾದಲ್ಲೇ ಮುದ್ರಿಸಿದ ಪದ್ಧತಿಯಾಗಬೇಕು. ಪ್ರಾರ್ಥನೆಗೆ ಎದ್ದು ನಿಲ್ಲುವುದರಿಂದ ಯಾರಿಗೂ ಮರ್ಯಾದೆ ಹೋಗುವುದಿಲ್ಲ, ಎಲ್ಲರೂ ನಿಲ್ಲುತ್ತಾರಲ್ಲ. ಎರಡನೆಯ ಆಕ್ಷೇಪ ಹಿಡಿತದ್ದು: ಗಟ್ಟಿ ಅಧ್ಯಕ್ಷರಿಲ್ಲದಿದ್ದರೆ ಸಭೆ ಸಂತೆಯಾಗುತ್ತದೆ. ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಸಭೆಯಲ್ಲಿ ಕೂಗಾಟ ಏಳುವುದು ಸಾಮಾನ್ಯವಾಗಿ ಹಿಡಿತ ಸಡಿಲವಾದಾಗ ಅಲ್ಲ, ತನ್ನ ಮಾತಿಗೆ ಜಾಗ ಸಿಗುವುದಿಲ್ಲವೆಂದು ಒಬ್ಬನಿಗೆ ಖಾತ್ರಿಯಾದಾಗ. ತನ್ನ ಪಾಳಿ ಬರುತ್ತದೆಂದು ಗೊತ್ತಿರುವವನು ಕಾಯುತ್ತಾನೆ. ಲೆಕ್ಕದ ಜೊತೆ ನಂಟಿಲ್ಲದವರು ಪೀಠದಲ್ಲಿದ್ದರೆ ಆ ಭರವಸೆ ಕೊಡುವುದು ಸುಲಭ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ತೂಕದ್ದು. ದೊಡ್ಡ ಕಂಪನಿಗಳಿಗೇ ಆಗದ್ದು ಹಳ್ಳಿಯ ಸಂಘಕ್ಕೆ ಆಗುತ್ತದೆಯೇ? ಬ್ರಿಟನ್ನಿನ ಕ್ಯಾಡ್‌ಬರಿ ಸಮಿತಿ 1992ರಲ್ಲೇ ಅಧ್ಯಕ್ಷ ಮತ್ತು ಮುಖ್ಯ ಕಾರ್ಯನಿರ್ವಾಹಕ ಹುದ್ದೆಗಳ ಅಧಿಕಾರ ಒಬ್ಬರಲ್ಲೇ ಸೇರಬಾರದೆಂದಿತ್ತು. ನಮ್ಮ ಸೆಬಿ ಕೂಡ ಅಗ್ರ 500 ಲಿಸ್ಟೆಡ್ ಕಂಪನಿಗಳಲ್ಲಿ ಈ ಹುದ್ದೆಗಳನ್ನು ಬೇರ್ಪಡಿಸಲು 2020ರ ಏಪ್ರಿಲ್ ಗಡುವು ಹಾಕಿ, ಅದನ್ನು 2022ಕ್ಕೆ ತಳ್ಳಿ, ಕೊನೆಗೆ ಆ ವರ್ಷ ಫೆಬ್ರುವರಿಯಲ್ಲಿ ಐಚ್ಛಿಕ ಎಂದುಬಿಟ್ಟಿತು. ಕುಟುಂಬದ ಹಿಡಿತದ ಕಂಪನಿಗಳು ಒಪ್ಪಲಿಲ್ಲ. ಆದರೆ ಅಲ್ಲಿ ಕೇಳಿದ್ದು ಹುದ್ದೆಯನ್ನೇ ವರ್ಷಪೂರ್ತಿ ಬಿಟ್ಟುಕೊಡುವುದನ್ನು. ಇಲ್ಲಿ ಕೇಳುತ್ತಿರುವುದು ಅರ್ಧ ಗಂಟೆ ಪೀಠ ಬದಲಿಸುವುದನ್ನು. ಮೇಲಾಗಿ ಕಂಪನಿಯಲ್ಲಿ ಷೇರಿಗೊಂದು ಮತ, ಹೆಚ್ಚು ಷೇರು ಇದ್ದವರ ಮಾತೇ ನಡೆಯುತ್ತದೆ. ಸಹಕಾರ ಸಂಘದಲ್ಲಿ ಎಷ್ಟೇ ಷೇರಿದ್ದರೂ ಒಬ್ಬರಿಗೆ ಒಂದೇ ಮತ. ಅಲ್ಲಿ ಅಸಾಧ್ಯವಾದದ್ದು ಇಲ್ಲಿ ಸಾಧ್ಯವಾಗಲು ಇದೇ ಕಾರಣ ಸಾಕು. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು 2020ರಲ್ಲಿ 40 ವರ್ಷಗಳಿಗೆ ಖಾಸಗಿಯವರಿಗೆ ಗುತ್ತಿಗೆ ಕೊಟ್ಟದ್ದನ್ನು ಈ ನಾಲ್ಕೂ ತಾಲ್ಲೂಕಿನ ರೈತರು ನೋಡಿದ್ದಾರೆ. ಆ ಕಾರ್ಖಾನೆಯ ಕಷ್ಟಕ್ಕೆ ಕಾರಣಗಳು ಹಲವು, ಸಭೆಯ ಪದ್ಧತಿಯ ಮೇಲೆ ಅದನ್ನು ಹೊರಿಸುವುದು ಸರಿಯಲ್ಲ. ಆದರೆ ಸದಸ್ಯರದೆಂದು ಕಟ್ಟಿದ ಸಂಸ್ಥೆ ಸದಸ್ಯರ ಕೈಯಿಂದ ಎಷ್ಟು ದೂರ ಹೋಗಬಹುದು ಎಂಬುದು ಈ ಭಾಗದವರಿಗೆ ಹೇಳಿಕೊಡಬೇಕಾದ ವಿಷಯವಲ್ಲ.

ಪೀಠದಲ್ಲಿ ಯಾರೇ ಇರಲಿ, ಕಲಾಪಕ್ಕೆ ಕೆಲವು ರೂಢಿಗಳು ಬೇಕು. ಮೊದಲು ಕೋರಂ ಎಣಿಸಿ ನಡಾವಳಿಯಲ್ಲಿ ಸಂಖ್ಯೆ ಬರೆಸಬೇಕು. ಊಟದ ಟೋಕನ್ ಪುಸ್ತಕದ ಲೆಕ್ಕ ಕೋರಂ ಅಲ್ಲ. ಹಾಜರಾತಿಗೆ ಈಗ ಇನ್ನೂ ತೂಕವಿದೆ, ಏಕೆಂದರೆ ವಾರ್ಷಿಕ ಸಭೆಗಳಿಗೆ ಬಾರದವರ ಮತದಾನದ ಹಕ್ಕಿನ ತಗಾದೆ ಚುನಾವಣೆ ಬಂದಾಗಲೆಲ್ಲ ಕೋರ್ಟ್ ಮೆಟ್ಟಿಲೇರುತ್ತದೆ, ಅಲ್ಲಿ ಸಾಕ್ಷಿಯಾಗಿ ನಿಲ್ಲುವುದು ಆ ಸಹಿ ಪುಸ್ತಕ. ಸನ್ಮಾನವನ್ನು ಲೆಕ್ಕಪತ್ರದ ನಂತರಕ್ಕೆ ಇಡಬೇಕು. ಇದೊಂದು ಬದಲಾವಣೆಯಿಂದ ಅರ್ಧ ಸಭೆ ಸುಧಾರಿಸುತ್ತದೆ. ಚರ್ಚೆಗೆ ಮೊದಲು ಠರಾವಿನ ಪದಗಳನ್ನು ಓದಿ ಹೇಳಬೇಕು, ಯಾರು ಸೂಚಿಸಿದರು, ಯಾರು ಅನುಮೋದಿಸಿದರು ಎಂಬುದು ಕೇಳಿಸಬೇಕು. ತಿದ್ದುಪಡಿ ಬಂದರೆ ಅದನ್ನು ಮೊದಲು ಮತಕ್ಕೆ ಹಾಕಿ, ಆಮೇಲೆ ಮೂಲ ಠರಾವಿಗೆ ಬರಬೇಕು. ಒಮ್ಮೆ ಮಾತಾಡಿದವರಿಗೆ ಮತ್ತೆ ಅವಕಾಶ ಕೊಡುವ ಮೊದಲು ಇನ್ನೂ ಮಾತಾಡದವರು ಯಾರಿದ್ದಾರೆಂದು ನೋಡಬೇಕು. ದಿನಾ ಡೇರಿಗೆ ಹಾಲು ತರುವ ಎಷ್ಟೋ ಹೆಂಗಸರು ಸಭೆಯಲ್ಲಿ ಕೊನೆಯ ಸಾಲಿನಲ್ಲಿ ಮೌನವಾಗಿ ಕೂರುವುದನ್ನು ಕಂಡೂ ಕಾಣದಂತಿರುವುದು ಒಳ್ಳೆಯ ಕಲಾಪವಲ್ಲ. ಹಾಗೆಯೇ ಮಹಿಳೆ ಅಧ್ಯಕ್ಷರಾಗಿರುವಲ್ಲಿ ಅವರ ಗಂಡನೋ ಮಗನೋ ಮೈಕ್ ಹಿಡಿದು ಸಭೆ ನಡೆಸುವುದು ಬರೀ ಅಭಾಸವಲ್ಲ, ಅಧಿಕಾರವಿಲ್ಲದವರು ನಡೆಸಿದ ಸಭೆಯೆಂಬ ತಕರಾರಿಗೆ ದಾರಿ.

ನಿರ್ಣಾಯಕ ಮತದ ಬಗ್ಗೆ ಒಂದು ಮಾತು. ಸಮ ಸಮ ಬಂದಾಗ ಅಧ್ಯಕ್ಷರು ಹಾಕುವ ಈ ಮತ ಎಲ್ಲ ಸಂಸ್ಥೆಗಳಲ್ಲೂ ತಾನಾಗಿ ಬರುವುದಿಲ್ಲ, ಕಾಯ್ದೆಯೋ ಬೈಲಾವೋ ಕೊಟ್ಟಿರಬೇಕು. ಈಚೆಗೆ ಹಳ್ಳಿಗಳಲ್ಲಿ ಹುಟ್ಟುತ್ತಿರುವ ರೈತ ಉತ್ಪಾದಕ ಕಂಪನಿಗಳಿಗೆ ಕಂಪನಿ ಕಾಯ್ದೆಯೇ ಇದನ್ನು ಕೊಟ್ಟಿದೆ, ಅಧ್ಯಕ್ಷರ ಆಯ್ಕೆಯ ವಿಷಯ ಮಾತ್ರ ಹೊರತು. ಅದೇ ಕಾಯ್ದೆ ಅಲ್ಲಿ ಸರ್ವ ಸದಸ್ಯರ ಸಭೆಗೆ ನಾಲ್ಕನೇ ಒಂದು ಭಾಗ ಸದಸ್ಯರ ಕೋರಂ ಕೇಳುತ್ತದೆ, ಅದು ಕಡಿಮೆ ಸಂಖ್ಯೆಯೇನಲ್ಲ. ನಿರ್ಣಾಯಕ ಮತ ಇದ್ದರೂ ಅದನ್ನು ಇರುವ ಸ್ಥಿತಿ ಮುಂದುವರಿಯುವ ಕಡೆಗೆ ಹಾಕುವುದು ಹಳೆಯ ಸಭಾ ಮರ್ಯಾದೆ. ಬದಲಾವಣೆ ಬೇಕಿದ್ದರೆ ಬಹುಮತ ತಾನೇ ಮೂಡಿಬರಲಿ ಎಂಬುದು ಅದರ ತರ್ಕ.

ಇನ್ನು ನಡಾವಳಿ. ಬರೆಯುವವರು ಕಾರ್ಯದರ್ಶಿ, ಹೊಣೆ ಸಹಿ ಹಾಕುವ ಅಧ್ಯಕ್ಷರದು. ನಮ್ಮ ನಡಾವಳಿ ಪುಸ್ತಕಗಳನ್ನು ಓದಿದರೆ ನಮ್ಮೂರುಗಳಲ್ಲಿ ಯಾರಿಗೂ ಯಾವುದರ ಬಗ್ಗೆಯೂ ಭಿನ್ನಾಭಿಪ್ರಾಯವೇ ಇಲ್ಲವೇನೋ ಅನಿಸುತ್ತದೆ; ಪ್ರತಿ ಠರಾವಿನ ಕೊನೆಯಲ್ಲೂ ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು’. ಇದು ಅಪಾಯಕಾರಿ ಸೌಜನ್ಯ. ಸಂಘಕ್ಕೆ ನಷ್ಟವಾದರೆ ಸಹಕಾರ ಸಂಘಗಳ ಕಾಯ್ದೆಯ 69ನೇ ಕಲಮಿನ ಪ್ರಕಾರ ಹೊಣೆಗಾರರಿಂದ ಸರ್ಚಾರ್ಜ್ ವಸೂಲಿಗೆ ದಾರಿಯಿದೆ. ಅಂಥ ವಿಚಾರಣೆಯಲ್ಲಿ ತಾನು ಒಪ್ಪಿರಲಿಲ್ಲವೆಂದು ಹೇಳುವ ನಿರ್ದೇಶಕನಿಗೆ ನಡಾವಳಿಯಲ್ಲಿ ದಾಖಲಾದ ಅಸಮ್ಮತಿಯಷ್ಟು ಗಟ್ಟಿ ಆಧಾರ ಇನ್ನೊಂದಿಲ್ಲ. ಮಂಡಳಿ ಸಭೆಯಲ್ಲಿ ಒಪ್ಪದವರ ಹೆಸರನ್ನು ನಡಾವಳಿಯಲ್ಲಿ ಬರೆಯಲೇಬೇಕೆಂದು ಕಂಪನಿ ಕಾಯ್ದೆ ಹೇಳುವುದು ಇದಕ್ಕೇ. ನಡಾವಳಿ 30 ದಿನಗಳೊಳಗೆ ಸಿದ್ಧವಾಗಬೇಕೆಂಬುದೂ, ಪುಟಗಳಿಗೆ ಸಾಲಾಗಿ ಸಂಖ್ಯೆ ಇರಬೇಕೆಂಬುದೂ, ಬೇರೆ ಹಾಳೆ ಅಂಟಿಸಬಾರದೆಂಬುದೂ ಅಲ್ಲಿನ ನಿಯಮ. ಸಹಕಾರ ಸಂಘದವರು ಈ ಶಿಸ್ತನ್ನು ಎರವಲು ಪಡೆದರೆ ನಷ್ಟವಿಲ್ಲ. ಸಹಿ ಹಾಕುವ ಮೊದಲು ಅಧ್ಯಕ್ಷರು ನೋಡಬೇಕಾದ ಜಾಗ ಒಂದಿದೆ: ಕೊನೆಯ ಠರಾವಿಗೂ ಸಹಿಗೂ ನಡುವೆ ಬಿಟ್ಟ ಖಾಲಿ ಗೆರೆಗಳು. ಮುಂದೆ ಏನಾದರೂ ಸೇರಿಸಲಿಕ್ಕೆ ಅಷ್ಟು ಸಾಕು. ಅಲ್ಲೊಂದು ಓರೆ ಗೆರೆ ಎಳೆದು, ಅದರ ತುದಿಯಲ್ಲೇ ಸಹಿ ಹಾಕಿ ದಿನಾಂಕ ಬರೆಯಬೇಕು.

ಪೀಠ ಬದಲಿಸುವ ಪದ್ಧತಿಯನ್ನು ಜಾರಿಗೆ ತರಲು ಹೊಸ ಕಾಯ್ದೆ ಬೇಕಿಲ್ಲ. ಬಹುತೇಕ ಬೈಲಾಗಳಲ್ಲಿ ಅಧ್ಯಕ್ಷರ ಗೈರಿನಲ್ಲಿ ಉಪಾಧ್ಯಕ್ಷರು, ಇಬ್ಬರೂ ಇಲ್ಲದಿದ್ದರೆ ಸಭೆ ಆರಿಸಿದವರು ಎಂದಿರುತ್ತದೆ. ಅಧ್ಯಕ್ಷರು ಹಾಜರಿದ್ದೂ ಪೀಠ ಬಿಟ್ಟುಕೊಡಲು ಅದರಲ್ಲಿ ಅವಕಾಶವಿದೆಯೇ ಎಂದು ಸಹಕಾರ ಇಲಾಖೆಯ ಸಹಾಯಕ ನಿಬಂಧಕರ ಕಚೇರಿಗೆ ಮೊದಲೇ ಒಂದು ಪತ್ರ ಬರೆದು ಕೇಳುವುದು ಕ್ಷೇಮ. ಇಲ್ಲವೆಂದರೆ ಬೈಲಾಗೆ ಒಂದು ಸಾಲಿನ ತಿದ್ದುಪಡಿ ತರಬಹುದು. ಮಾರ್ಚ್ 31ಕ್ಕೆ ವರ್ಷದ ಲೆಕ್ಕ ಮುಗಿದಿರುತ್ತದೆ, ಸೆಪ್ಟೆಂಬರ್ ಸಭೆಗೆ ಮೊದಲು ಆಡಳಿತ ಮಂಡಳಿ ಕೆಲವು ಬಾರಿ ಸೇರಿಯೇ ಸೇರುತ್ತದೆ. ಜೂನ್ ಅಥವಾ ಜುಲೈ ಸಭೆಯಲ್ಲಿ ಬರೆಯಬಹುದಾದ ಠರಾವಿನ ಒಕ್ಕಣೆ ಹೀಗಿರಬಹುದು: ‘ವಾರ್ಷಿಕ ಸರ್ವ ಸದಸ್ಯರ ಸಭೆಯಲ್ಲಿ ಲೆಕ್ಕಪತ್ರ ಹಾಗೂ ಆಡಿಟ್ ವರದಿಯ ವಿಷಯವನ್ನು ಸನ್ಮಾನ ಕಾರ್ಯಕ್ರಮಕ್ಕೆ ಮೊದಲು ತೆಗೆದುಕೊಳ್ಳುವುದು, ಸದರಿ ವಿಷಯ ಮುಗಿಯುವವರೆಗೆ ಉಪಾಧ್ಯಕ್ಷರು, ಅವರಿಗೂ ಸಂಬಂಧವಿದ್ದಲ್ಲಿ ಸಭೆ ಆರಿಸಿದ ಸದಸ್ಯರು, ಕಲಾಪ ನಡೆಸುವುದು, ಅಧ್ಯಕ್ಷರು ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸುವುದು, ಕೇಳಿದ ಪ್ರಶ್ನೆ ಮತ್ತು ಕೊಟ್ಟ ಉತ್ತರವನ್ನು ನಡಾವಳಿಯಲ್ಲಿ ದಾಖಲಿಸುವುದು.’ ಇದನ್ನು ಅಧ್ಯಕ್ಷರೇ ಸೂಚಿಸಿದರೆ ಒಳ್ಳೆಯದು. ಅನುಮೋದಿಸುವವರು ಎದುರು ಬಣದವರಾದರೆ ಇನ್ನೂ ಒಳ್ಳೆಯದು.